ಬೇಸ್ ಗಿಟಾರಿನ ಗೇಲನ್
ಪ್ರೋಗ್ರೆಸಿವ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ನುಡಿಸುವ ಲ್ಯಾಂಕಾಸ್ಟರಿನ ಕ್ರೈಸ್ತ ತಂಡವೊಂದರಲ್ಲಿ ಮೂವತ್ತನಾಲ್ಕು ವರ್ಷಗಳಿಂದ ಕದಲದೆ ಉಳಿದವನೆಂದರೆ ಬೇಸ್ ಗಿಟಾರಿನ ಗೇಲನ್ ಹೋಸ್ಟೆಟರ್ ಒಬ್ಬನೇ. ಗಾಯಕರೇ ಏಳು ಮಂದಿ ಬದಲಾದರು; ಡ್ರಮ್ಮಿನವರು ಅದಕ್ಕಿಂತ ಹೆಚ್ಚು. ಚರ್ಚಿನವರು ಇದು ಸೈತಾನನ ಗದ್ದಲ ಎಂದರು, ಬಾರಿನವರು ಪಾದ್ರಿಗಳು ಬಂದರಪ್ಪಾ ಎಂದು ನಕ್ಕರು. ಇಬ್ಬರಿಗೂ ಅವನು ಅದೇ ಹನ್ನೊಂದೆಣಿಕೆಯ ಡೊಂಕು ತಾಳವನ್ನು ನುಡಿಸಿದ. ಹಗಲು ದನದ ಮೇವಿನ ಅಂಗಡಿಯಲ್ಲಿ ಮೂಟೆ ಹೊರುವಾಗಲೂ ಅವನ ತುಟಿ ಆ ತಾಳವನ್ನೇ ಎಣಿಸುತ್ತಿರುತ್ತದೆ. ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ತಂಡದವರೆಲ್ಲ ಕೈಕೈ ಹಿಡಿದು ನಿಲ್ಲಬೇಕು. ಬಿಟ್ಟುಹೋದ ಒಬ್ಬೊಬ್ಬರ ಹೆಸರನ್ನೂ ಹೇಳಿ ಅವನು ದೇವರಿಗೆ ಒಪ್ಪಿಸುತ್ತಾನೆ. ಹೊರಗೆ ಜನ ಸಿಳ್ಳೆ ಹೊಡೆಯುತ್ತಿರುತ್ತಾರೆ. "ನಿನ್ನ ಪ್ರಾರ್ಥನೆ ನಮ್ಮ ಹಾಡಿಗಿಂತ ಉದ್ದ ಆಯ್ತು ಕಣಜ್ಜ," ಎಂದು ಹೊಸದಾಗಿ ಸೇರಿದ ಗಿಟಾರಿನ ಕೆಲ್ಸಿ ಛೇಡಿಸುತ್ತಾಳೆ. "ಹಾಗಾದ್ರೆ ನೀನು ಬಿಟ್ಟುಹೋಗ್ಬೇಡ ತಾಯಿ, ಇನ್ನೂ ಉದ್ದ ಆಗತ್ತೆ," ಎನ್ನುತ್ತಾನೆ ಅವನು. ಆದರೆ ಮೊದಲ ಹೆಸರಿಗೆ ಮುಂಚೆ ಅವನು ಒಂದು ಗಳಿಗೆ ಸುಮ್ಮನೆ ನಿಲ್ಲುವುದುಂಟು. ಅದೇಕೆಂದು ಕೆಲ್ಸಿ ಒಮ್ಮೆ ಕೇಳಿದಳು. "ಅದು ಮೆರ್ಲ್. ನಾವಿಬ್ರೇ ಸೇರಿ ಈ ತಂಡ ಕಟ್ಟಿದ್ದು. ಆಮೇಲೆ ಅವನಿಗೆ ದೇವರ ಮೇಲಿನ ನಂಬಿಕೆ ಹೋಯ್ತು. ಪ್ರಾರ್ಥನೇಲಿ ನನ್ನ ಹೆಸರು ಎತ್ತಬೇಡ ಅಂತ ಮಾತು ತಗೊಂಡು ಹೋದ." "ಮತ್ಯಾಕೆ ಸುಮ್ನೆ ನಿಲ್ತೀಯ?" "ಹೆಸರು ಬೇಡ ಅಂದ, ಅಷ್ಟೆ." ಕಳೆದ ಚಳಿಗಾಲ ಮೆರ್ಲ್ ತೀರಿಕೊಂಡ. ಅವನನ್ನು ಮಣ್ಣು ಮಾಡಿ ಬಂದ ವಾರದ ಕಾರ್ಯಕ್ರಮದಲ್ಲಿ, ಇನ್ನಾದರೂ ಆ ಹೆಸರು ಹೇಳಿಯಾನು ಎಂದು ಎಲ್ಲರೂ ತಲೆ ತಗ್ಗಿಸಿ ಕಾದರು. ಗೇಲನ್ ಎಂದಿನಂತೆ ಬಾಯಿ ಮುಚ್ಚಿಯೇ ನಿಂತ. ಕೆಲ್ಸಿಯ ಕೈಯನ್ನು ಮಾತ್ರ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ.