ಕುಷ್ಟಗಿಗೆ ವಾಪಸ್ ಬರುವ ಬಸ್ಸು

ನಮ್ಮ ಅಬ್ಬಾ ಬಸ್ ಕಂಡಕ್ಟರ್ ಆಗಿದ್ದರು. ಕುಷ್ಟಗಿಯಿಂದ ಶ್ರೀರಾಮನಗರಕ್ಕೆ ಹೋಗಿ ಬರುವ ಗಾಡಿ. ತಾವರಗೇರಾ, ಕನಕಗಿರಿ ಕಡೆಯ ಜೋಳದ ಹೊಲದ ಜನರ ಜೊತೆ ಕನ್ನಡ, ಗಂಗಾವತಿ ದಾಟಿ ಕಾಲುವೆ ಬಂತೆಂದರೆ ಭತ್ತದ ಸೀಮೆಯವರ ಜೊತೆ ತೆಲುಗು, ಸಂಜೆ ಮನೆಯ ಹೊಸ್ತಿಲು ದಾಟಿದರೆ ನಮ್ಮ ದಖನಿ ಉರ್ದು. ಚಪ್ಪಲಿ ಬಿಡುತ್ತಲೇ ಅಮ್ಮಿಯನ್ನು ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಖಾನಾ ಖಾಯೀ ಕ್ಯಾ?" ಊಟ ಮಾಡಿದೆಯಾ ಅಂತ. ಅಮ್ಮಿ ಮಾಡಿರುತ್ತಿರಲಿಲ್ಲ, ಅದು ಅವರಿಗೂ ಗೊತ್ತು. ಆದರೂ ಅವರು ಕೇಳಬೇಕು, ಈಕೆ ಇಲ್ಲವೆನ್ನಬೇಕು, ಆಮೇಲೆ ಇಬ್ಬರೂ ಒಂದೇ ತಾಟಿಗೆ ಕೂಡಬೇಕು. ಮಕ್ಕಳಾದ ನಮಗೆ ನೋಡಿ ನೋಡಿ ಬೇಸರ ಬಂದ ನಾಟಕ ಅದು. ಈಗ ಆ ನಾಟಕಕ್ಕಾಗಿ ಜೀವ ಬಾಯಿಬಾಯಿ ಬಿಡುತ್ತದೆ.

ನಿವೃತ್ತಿಯಾದ ಮರುವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದವರು ಹಾಗೇ ಕುಸಿದರು. ಲಕ್ವ. ಕೊಪ್ಪಳದ ಆಸ್ಪತ್ರೆಯಿಂದ ಮರಳುವಾಗ ಬಲಗಾಲು ಎಳೆದುಕೊಂಡಾದರೂ ನಡೆಯುತ್ತಿದ್ದರು. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದು ಬಹುಪಾಲು ತಿಳಿಯುತ್ತಿತ್ತು. ಉತ್ತರ ಕೊಡಲು ಬಾಯಿ ತೆರೆದರೆ ಬೇಕಾದ ಶಬ್ದ ಸಿಗದೆ ಮುಖ ಕೆಂಪಾಗುತ್ತಿತ್ತು. ಆ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿ ಮಾಡುವ ಹುಡುಗಿ ಧಾರವಾಡ ಕಡೆಯವಳು. "ಮಾತು ಒಳಗ ಐತ್ರಿ, ಹೊರಗ ಬರೂ ದಾರಿ ಕೆಟ್ಟೈತಿ. ದಿನಾ ಮಾತಾಡಸ್ರಿ, ಆದ್ರ ಗೊಂದಲ ಮಾಡಬ್ಯಾಡ್ರಿ" ಎಂದಳು.

ಇದಕ್ಕೆ ಅಬ್ಬಾನ ತಮ್ಮ, ನಮ್ಮ ಚಿಚ್ಚಾ, ಸ್ವಂತ ಅರ್ಥ ಹಚ್ಚಿದರು. ಮೂರು ಭಾಷೆ ಕಿವಿಗೆ ಬಿದ್ದರೆ ತಲೆ ಕಲಸುತ್ತದೆ, ಆಕೆ ಕಲಿಸುವುದು ಕನ್ನಡದಲ್ಲಿ, ಆದ್ದರಿಂದ ಮನೆಯಲ್ಲಿ ಇನ್ನು ಮೇಲೆ ಕನ್ನಡವೊಂದೇ ಎಂದು ಫರ್ಮಾನು ಹೊರಡಿಸಿದರು. ಚಿಚ್ಚಾಗೆ ಆಸ್ಪತ್ರೆಯ ಕಾಂಪೌಂಡಿನೊಳಗೆ ಕಾಲಿಟ್ಟರೆ ಸಾಕು, ಅರ್ಧ ಡಾಕ್ಟರಿಕೆ ಬಂದುಬಿಡುತ್ತದೆ.

ನನಗೇನೂ ಕಷ್ಟವಿರಲಿಲ್ಲ, ಯಲಬುರ್ಗಾದ ಶಾಲೆಯಲ್ಲಿ ನಾನು ಕಲಿಸುವುದೇ ಕನ್ನಡ. ಆದರೆ ಅಮ್ಮಿ ಹೈದರಾಬಾದ್ ಕಡೆಯವಳು. ಆಕೆಯ ಕನ್ನಡ ತರಕಾರಿ ಬುಟ್ಟಿಯ ಹತ್ತಿರ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು. ಗಂಡನ ಎದುರು ಕುಳಿತು "ನೀರು ಬೇಕ್ರಿ? ಛಾ ಬೇಕ್ರಿ?" ಎಂದು ಕೇಳಿ, ಮುಂದೇನು ಹೇಳಬೇಕೋ ತೋಚದೆ ಸೆರಗಿನ ಅಂಚು ಮಡಿಸುತ್ತಾ ಕೂತುಬಿಡುವಳು. ಮನೆಯಲ್ಲಿ ಮಾತು ಕಳೆದುಕೊಂಡವರು ಇಬ್ಬರಾದರು. ಒಂದು ದಿನ ಅಡುಗೆಮನೆಯಲ್ಲಿ, ಕದ್ದು ಮಾತಾಡುವವಳಂತೆ, ಮೆಲ್ಲಗೆ ಉರ್ದುವಿನಲ್ಲಿ ಹೇಳಿದಳು: ಉಳಿದ ಮಾತೆಲ್ಲ ಹೋದರೆ ಹೋಗಲಿ, ಊಟ ಆಯ್ತಾ ಅಂತ ಒಂದು ಸಲ ಕೇಳಿದರೆ ಸಾಕು. ನನಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು.

ಅಬ್ಬಾನ ಬಾಯಿಂದ ಮೊದಲು ಹೊರಬಿದ್ದ ಶಬ್ದ "ತಾವರಗೇರಾ". ಅಲ್ಲಿ ಯಾರನ್ನೋ ನೋಡುವ ಆಸೆಯಿರಬೇಕೆಂದು ಚಿಚ್ಚಾ ಬಾಡಿಗೆ ಗಾಡಿ ತಂದರು. ನಾನೂ ಹೋದೆ. ಸಂತೆ ತಿರುಗಿಸಿ, ಹಳೆಯ ದೋಸ್ತರ ಅಂಗಡಿ ಮುಂದೆ ಕೂಡಿಸಿ, ಮಿರ್ಚಿ ತಿನ್ನಿಸಿದ್ದಾಯಿತು. ಅಬ್ಬಾ ಎಲ್ಲರ ಮುಖ ನೋಡಿ, "ಕನಕಗಿರಿ" ಎಂದರು.

"ಬಂದ ಮ್ಯಾಲೆ ಮತ್ತೊಂದ ಊರ ಹೆಸರ ಹೇಳತಾರಲ್ಲ ಭಾಯಿ!" ಎಂದು ಚಿಚ್ಚಾ ಹಣೆ ಚಚ್ಚಿಕೊಂಡರು.

ವಾಪಸ್ ಬರುವ ದಾರಿಯಲ್ಲಿ ನನಗೆ ಹೊಳೆಯಿತು. ಅಬ್ಬಾಗೆ ಎಲ್ಲಿಗೂ ಹೋಗುವುದಿರಲಿಲ್ಲ. ಅವರು ಸ್ಟಾಪು ಕೂಗುತ್ತಿದ್ದರು.

ಮುಂದಿನ ಸಲ ಕೊಪ್ಪಳಕ್ಕೆ ಹೋದಾಗ ಹೇಳಿದರೆ ಆ ಹುಡುಗಿ ನಕ್ಕಳು. "ರೂಢಿಲೆ ಬಾಯಾಗ ಕುಂತಿದ್ದ ಮಾತು ಮೊದಲ ಬರತೈತ್ರಿ. ಅದನ್ನ ಹಿಡಕೊಂಡ ಮುಂದ ಹೋಗ್ರಿ. ಮನ್ಯಾಗ ಒಂದ ಬಸ್ಸ ಬಿಡ್ರಿ." ಆಮೇಲೆ ಅಮ್ಮಿಯ ಕಡೆ ನೋಡಿ, "ಇವರ್ಯಾಕ ಸುಮ್ನ ಕುಂತಾರ?" ಎಂದಳು. ನಾನು ಫರ್ಮಾನಿನ ಕಥೆ ಹೇಳಿದೆ.

"ಅಯ್ಯ, ಮನಿ ಮಾತು ಬಿಡ್ರಿ ಅಂತ ನಾ ಯಾವಾಗ ಅಂದ್ನಿರಿ? ಎಲ್ಲಾರೂ ಒಮ್ಮೆಲೆ ಮಾತಾಡಿ ಗೊಂದಲ ಮಾಡಬ್ಯಾಡ್ರಿ ಅಂದಿದ್ದೆ. ಯಾವ ಭಾಷಾ ಮೊದಲ ಬರತೈತಿ, ಯಾವದು ಹಿಂದ ಉಳಿತೈತಿ, ನಮಗೂ ಹೇಳಾಕ ಬರೂದಿಲ್ರಿ. ಎಲ್ಲಾ ಬಾಗಲಾ ತೆರದ ಇಡ್ರಿ."

ಜೊತೆಗೆ ಬಂದಿದ್ದ ಚಿಚ್ಚಾ ತಲೆಯ ಮೇಲಿನ ಫ್ಯಾನು ನೋಡತೊಡಗಿದರು.

ಅಂದಿನಿಂದ ಸಂಜೆ ನಮ್ಮ ಅಂಗಳದಲ್ಲಿ ಬಸ್ಸು. ಕುರ್ಚಿ, ಸ್ಟೂಲು ಸಾಲಾಗಿಟ್ಟು ಕೊನೆಗೆ ಹಗ್ಗದ ಮಂಚ. ಮುಂದೆ ತಾಟು ತಿರುಗಿಸುತ್ತಾ ಚಿಚ್ಚಾ ಡ್ರೈವರು. ಮಾಡಿದ್ದನ್ನು ಉಣ್ಣಲಿ ಎಂದು ನಾನೇ ಆ ಸೀಟು ಕೊಟ್ಟೆ. ಅಬ್ಬಾ ಎಡಗೈಯಲ್ಲಿ ಕುರ್ಚಿ ಹಿಡಿದು ನಿಲ್ಲುವರು. ಊರಿನ ಹೆಸರು ತಡೆದರೆ ನಾನು ಮೊದಲಕ್ಷರ ಹೇಳಿ ಸುಮ್ಮನಾಗಬೇಕು, ಉಳಿದದ್ದು ಅವರೇ ತರಬೇಕು. ಹೀಗೆ ಕನಕಗಿರಿ ಬಂತು, ಗಂಗಾವತಿ ಬಂತು. "ಬರ್ರಿ, ಮುಂದ ಸರೀರಿ" ಬಂತು. ಕೆಲವು ವಾರ ಕಳೆದ ಮೇಲೆ ಶ್ರೀರಾಮನಗರದಲ್ಲಿ ಇದ್ದಕ್ಕಿದ್ದಂತೆ "ದಿಗಂಡಿ, ದಿಗಂಡಿ" ಎಂದು ತೆಲುಗಿನಲ್ಲಿ ಇಳಿಸಿದರು. ನಾವು ಚಪ್ಪಾಳೆ ತಟ್ಟಿದೆವು.

ಅಮ್ಮಿ ತಟ್ಟಲಿಲ್ಲ. ಆಕೆ ಈಗ ದಿನವಿಡೀ ಅಬ್ಬಾನ ಜೊತೆ ಉರ್ದುವಿನಲ್ಲಿ ಹರಟುತ್ತಿದ್ದಳು. ಅವರು ಕೇಳುತ್ತಿದ್ದರು, "ಹೂಂ" ಅನ್ನುತ್ತಿದ್ದರು, ಅಷ್ಟೇ. ಕಾಲುವೆ ಸೀಮೆಯವರಿಗೂ ಒಂದು ಮಾತು ಸಿಕ್ಕಿತು, ನನಗೇ ಇಲ್ಲ ಎಂದು ಆಕೆಗೆ ಹೊಟ್ಟೆಕಿಚ್ಚು. ಅಬ್ಬಾ ಹಾಸಿಗೆಗೆ ಹೋದ ಮೇಲೆ ಒಬ್ಬಳೇ ಉಂಡೇಳುವಳು, ಅದೂ ಅರೆಹೊಟ್ಟೆ.

ಒಂದು ಸಂಜೆ ಬಸ್ಸು ಹೋಗಿ ವಾಪಸ್ ಬಂತು. "ಕುಷ್ಟಗಿ. ಎಲ್ಲಾರೂ ಇಳೀರಿ" ಎಂದರು ಅಬ್ಬಾ. ನಾವು ಇಳಿದೆವು. ಅಮ್ಮಿ ಮಂಚದ ಮೇಲೆ ಗೋಡೆಗೊರಗಿ ಕಣ್ಣುಮುಚ್ಚಿದ್ದಳು. ಕೊನೆಯ ಸ್ಟಾಪಿನಲ್ಲಿ ಹಿಂದಿನ ಸೀಟಿನ ತನಕ ಹೋಗಿ, ನಿದ್ದೆ ಹೋದವರನ್ನು ಎಬ್ಬಿಸಿಯೇ ಇಳಿಯುವುದು ಅಬ್ಬಾನ ಹಳೆಯ ಪದ್ಧತಿ. ಕಾಲೆಳೆಯುತ್ತಾ ಹೋದರು. ಭುಜ ತಟ್ಟಿದರು. ಅಮ್ಮಿ ಕಣ್ಣು ತೆರೆದಳು. ಅಬ್ಬಾನ ತುಟಿ ಅಲುಗಾಡಿತು, ಮುಖ ಕೆಂಪಾಯಿತು. ಸಹಾಯ ಮಾಡಲು ಚಿಚ್ಚಾ ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.

"ಖಾ... ಖಾಯೀ?"

ಇಷ್ಟು ದಿನ ಕಾದವಳು ಉರ್ದುವಿನಲ್ಲಿ ಉತ್ತರ ಕೊಡಬೇಕಿತ್ತು. ಗಾಬರಿಗೆ ಆಕೆಯ ಬಾಯಿಂದ ಬಂದದ್ದು ನಾವು ಗಟ್ಟಿ ಮಾಡಿಸಿದ ಕನ್ನಡ: "ಇಲ್ರೀ." ಅಬ್ಬಾ ನಕ್ಕರು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದು ನಾನು ನೋಡಿರಲಿಲ್ಲ. ಆ ರಾತ್ರಿ ಇಬ್ಬರೂ ಒಂದೇ ತಾಟಿಗೆ ಕೂತರು.

ಆ ಮಾತು ಮತ್ತೆ ಬಂದಿಲ್ಲ. ಬರಬಹುದು, ಬಿಡಬೇಡಿ ಎನ್ನುತ್ತಾಳೆ ಕೊಪ್ಪಳದ ಹುಡುಗಿ. ಬಸ್ಸು ಈಗಲೂ ಸಂಜೆ ಹೊರಡುತ್ತದೆ. ಕುಷ್ಟಗಿ ಬಂದಾಗ ನಾವೆಲ್ಲ ಇಳಿಯುತ್ತೇವೆ. ಅಮ್ಮಿ ಮಾತ್ರ ಹಸಿದುಕೊಂಡೇ ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕೂತಿರುತ್ತಾಳೆ.