ಚರ್ಚಿನೊಳಗೆ ಮರಗಸಿ

ಮಲ್ಲಂದೂರು ಕಡೆಯ ತಿಮ್ಮಪ್ಪ ಮೂವತ್ತು ವರ್ಷ ಎಸ್ಟೇಟಿನಲ್ಲಿ ಮರಗಸಿ ಮಾಡಿದವರು. ಕಾಫಿ ಗಿಡಕ್ಕೆ ಬೇಕಾದಷ್ಟೇ ಬಿಸಿಲು ಬೀಳುವಂತೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ ಅದು. ಎರಡು ವರ್ಷದ ಹಿಂದೆ ಹಲಸಿನ ಮರದಿಂದ ಬಿದ್ದು ಸೊಂಟ ಮುರಿಯಿತು. ಆಮೇಲೆ ಅವರನ್ನು ಕಾಫಿ ಒಣಗಿಸುವ ಕಣದಲ್ಲಿ ಕಾವಲಿಗೆ ಹಾಕಿದರು. "ಕೂತು ಕಾಯೋಕೆ ನಾನ್ಯಾಕೆ, ಒಂದು ನಾಯಿ ಸಾಕಲ್ವಾ?" ಎಂದು ಹೆಂಡತಿ ಪಾಪಮ್ಮನ ಹತ್ತಿರ ಗೊಣಗುತ್ತಿದ್ದರು.

ಕಣದ ಬೇಲಿಯಾಚೆ ಹೊಸ ಚರ್ಚ್ ಎದ್ದಿತ್ತು. ಅದರ ನಕ್ಷೆ ಹಾಕಿದ ರೂಪಶ್ರೀಗೆ ತೋಟದ ನೆರಳನ್ನೇ ಒಳಗೆ ತರುವ ಆಸೆ. ಕಂಬಗಳು ಮರದ ಹಾಗೆ ಮೇಲೆ ಕವಲೊಡೆದಿದ್ದವು. ಗಾಜಿನ ಮಾಡಿನ ಕೆಳಗೆ ಉದ್ದಕ್ಕೂ, ಬಿಸಿಲು ಸೋಸಲು, ಮರದ ರೀಪುಪಟ್ಟಿಗಳು. ಆದರೆ ಫಾದರ್ ಒಂದು ಬೆಳಿಗ್ಗೆ ಪ್ರಾರ್ಥನೆ ಇಟ್ಟು ನೋಡಿದಾಗ, ಎದುರಿನ ಬಿಸಿಲು ಎಲ್ಲರ ಕಣ್ಣಿಗೂ ಚುಚ್ಚಿತು. ಮುಂದಿನ ಬೆಂಚಿನಲ್ಲಿದ್ದ ಮುದುಕಿ ಮರಿಯಮ್ಮ ಕೊನೆಯವರೆಗೂ ಸೆರಗು ಅಡ್ಡ ಹಿಡಿದೇ ಕೂತರು. ಉದ್ಘಾಟನೆಗೆ ಹತ್ತೇ ದಿನ.

"ತಗಡು ಹೊದಿಸಿಬಿಡೋಣಮ್ಮ" ಎಂದರು ಫಾದರ್.

ರೂಪಶ್ರೀ ಮುಖ ಸಪ್ಪೆ ಮಾಡಿಕೊಂಡು ತೋಟದ ಕಡೆ ನಡೆದಳು. ಕಣದಲ್ಲಿದ್ದ ತಿಮ್ಮಪ್ಪನವರನ್ನು ಕೇಳಿದಳು: "ತೋಟದೊಳಗೆ ಬಿಸಿಲು ಯಾಕೆ ಕಣ್ಣಿಗೆ ಹೊಡೆಯಲ್ಲ?"

"ಸುಮ್ನೆ ಹಾಗಾಗುತ್ತಾ ಅಮ್ಮ? ನಾವು ನೋಡಿ ನೋಡಿ ಸವರಿರ್ತೀವಿ."

ರೂಪಶ್ರೀ ಕರೆದಳೆಂದು ಮರುದಿನ ತಿಮ್ಮಪ್ಪ ಬೆಳಗಿನಿಂದ ಮಧ್ಯಾಹ್ನದವರೆಗೆ ಚರ್ಚಿನ ಬೆಂಚಿನ ಮೇಲೆ ಕೂತು ಮಾಡು ನೋಡಿದರು. "ನೀವು ಎಲ್ಲಾ ಕಡೆ ಒಂದೇ ಸಮ ಬಿಟ್ಟಿದ್ದೀರಿ. ಹಾಗೆ ಯಾರೂ ಮರಗಸಿ ಮಾಡಲ್ಲ. ಎದುರಿಗೆ, ಮೂಡು ಕಡೆ ದಟ್ಟ ಇರಲಿ. ಬೆನ್ನ ಹಿಂದಿನ ರೀಪು ತೆಗೆದು ಅಲ್ಲಿಗೆ ಹಾಕಿ."

ನಾಲ್ಕು ದಿನ ಬಡಗಿಗಳು ಮೇಲೆ, ತಿಮ್ಮಪ್ಪ ಕೋಲು ಹಿಡಿದು ಕೆಳಗೆ. "ಅದಲ್ಲ ಮಾರಾಯ, ಪಕ್ಕದ್ದು!" ಎಂದು ಜೋರಾಗಿಯೇ ಕೂಗುತ್ತಿದ್ದರು. ಒಳಗೊಳಗೆ ಮಾತ್ರ ಒಂದೇ ಯೋಚನೆ. ಮರಕ್ಕಾದರೆ ಮತ್ತೆ ಚಿಗುರು ಬರುತ್ತದೆ, ಇದು ಕೆಟ್ಟರೆ?

ಭಾನುವಾರ ಉದ್ಘಾಟನೆಯ ಪೂಜೆಗೆ ಅವರು ಬಾಗಿಲ ಬಳಿ ನಿಂತರು. ಬಿಸಿಲೇರಿತು. ಬೆಳಕು ಚೂರುಚೂರಾಗಿ ನೆಲಕ್ಕಿಳಿಯಿತು, ಹೆಗಲುಗಳ ಮೇಲೆ ಅಲ್ಲಲ್ಲಿ ಕೂತಿತು. ಮರಿಯಮ್ಮನ ಕೈ ಮಡಿಲಲ್ಲೇ ಇತ್ತು. ಫಾದರ್ ಒಮ್ಮೆ ಮೇಲೆ ನೋಡಿದರು, ಆಮೇಲೆ ಬಾಗಿಲ ಕಡೆ ನೋಡಿ ನಕ್ಕರು. ರೂಪಶ್ರೀ ಕಣ್ಣೊರೆಸಿಕೊಂಡಳು. ತಿಮ್ಮಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಎದೆ ಹಗುರಾಗಿತ್ತು.

ಸುದ್ದಿ ಎಸ್ಟೇಟಿನ ಸಾಹುಕಾರರಿಗೂ ಮುಟ್ಟಿತು. ಈ ಸಲದ ಮರಗಸಿಗೆ ತಿಮ್ಮಪ್ಪನವರೇ ಕೆಳಗೆ ನಿಂತು ಹೊಸಬರಿಗೆ ಹೇಳಿಕೊಡಬೇಕೆಂದು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು ತಿಳಿಸಿ ಹೋದ.

"ಮರ ಹತ್ತಲ್ಲ ತಾನೆ?" ಎಂದಳು ಪಾಪಮ್ಮ.

"ಇಲ್ಲ ಮಾರಾಯ್ತಿ. ಬೆಳಿಗ್ಗೆ ಬೇಗ ಬುತ್ತಿ ಕಟ್ಟು."