ಮೊಳೆಗೆ ಬಾರದ ಬಿಲ್ಲೆ

ಎಲಿಸಿಯೊ ಮೊಂತಾನೊ ಮೂವತ್ತೊಂದು ವರ್ಷ ನಮ್ಮೂರಿನ ತಾಮ್ರದ ಗಣಿಯಲ್ಲಿ ದುಡಿದವನು. ಅಷ್ಟು ಕಾಲ ಕತ್ತಲಲ್ಲಿದ್ದು ಅವನ ನೆರಳಿಗೂ ಬಿಸಿಲು ಕಂಡರೆ ಕಣ್ಣು ಕುಕ್ಕುತ್ತಿತ್ತು. ಗಣಿ ಮುಚ್ಚಿ, ಊರ ತುಂಬ ಬೆಳ್ಳಿಯುಂಗುರದ ಅಂಗಡಿಗಳೆದ್ದ ಮೇಲೆ ಅವನೂ ನಾನೂ ಪ್ರವಾಸಿಗರನ್ನು ಕಣಿವೆಯ ಕಡಿದಾದ ಬಂಡೆಯಲ್ಲಿ ಹಿಂದಿನವರು ಕಟ್ಟಿದ್ದ ಬಂಡೆಮನೆಗಳಿಗೆ ಏಣಿ ಹತ್ತಿಸುವ ಕೆಲಸ ಹಿಡಿದೆವು.

ಗಣಿಯ ಒಂದು ಅಭ್ಯಾಸ ಮಾತ್ರ ಅವನನ್ನು ಬಿಡಲಿಲ್ಲ. ಪ್ರವಾಸಿಗರೇ ಆಗಲಿ, ಹೋಗುವವರು ಹಲಗೆಯ ಮೊಳೆಯಿಂದ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳಬೇಕು, ವಾಪಸು ಬಂದವರು ಮತ್ತೆ ಅಲ್ಲೇ ತೂಗುಹಾಕಬೇಕು. ಗಣಿಯಲ್ಲಿ ಒಮ್ಮೆ ಒಂದು ಬಿಲ್ಲೆ ಬರಲಿಲ್ಲ. "ಮರೆತು ಮನೆಗೊಯ್ದಿರ್ತಾನೆ" ಅಂದ ಮೇಸ್ತ್ರಿ. ಆ ಬಿಲ್ಲೆಯವನು ಕುಸಿದ ಕಲ್ಲಿನ ಹಿಂದೆ ಎರಡು ದಿನ ಬಂಡೆ ಕುಟ್ಟುತ್ತಿದ್ದನಂತೆ. ಮೂರನೆಯ ದಿನ ಸದ್ದಿರಲಿಲ್ಲ.

ಆ ಜುಲೈ ಮಧ್ಯಾಹ್ನ ನಮ್ಮ ತಲೆಯ ಮೇಲೆ ಬೆಂಕಿಯಂಥ ಬಿಸಿಲು. ದೂರದ ಬೆಟ್ಟದ ಮೇಲೆ ಮಾತ್ರ ಮೋಡ, ಹಗಲಲ್ಲೇ ಗೂಬೆಗಳು ಎದ್ದು ಹಲ್ಲುಜ್ಜುವಷ್ಟು ಕಪ್ಪು. ಅಲ್ಲಿ ಸುರಿದರೆ ಇಲ್ಲಿನ ಒಣಹಳ್ಳ ತುಂಬುತ್ತದೆ. ಬಂಡೆಮನೆ ನೋಡಿ ಇಳಿದವರ ಮೊದಲ ವ್ಯಾನು ಆಗಲೇ ಹಳ್ಳ ದಾಟಿ ಊರ ಕಡೆ ಹೋಗಿತ್ತು. ಎರಡನೆಯದು ಹೊರಡಬೇಕು, ಏಳನೆಯ ಮೊಳೆ ಖಾಲಿ.

"ಅದು ಲೊರೆಟ್ಟಾ ಅವ್ರದು. ಮೊದಲ್ನೇ ವ್ಯಾನಲ್ಲೇ ಹೋದ್ರು," ಎಂದ ಟೋಪಿಯವನೊಬ್ಬ. "ನೆನಪಿಗಿರ್ಲಿ ಅಂತ ಬಿಲ್ಲೆ ಒಯ್ದಿರ್ತಾರೆ, ಬಿಡ್ರಿ!"

ಎಲಿಸಿಯೊನ ಮುಖ ಬೂದಿಯಾಯಿತು. "ನೀವು ದಾಟಿ. ಈಗ್ಲೇ."

ವ್ಯಾನು ಹೋಯಿತು. "ಕೊಂಪಾದ್ರೆ, ಗೆಳೆಯಾ," ಎಂದೆ, "ಒಂದು ಚೂರು ಹಿತ್ತಾಳೆಗೆ ಪ್ರಾಣ ಕೊಡ್ತೀಯೇನೋ?"

"ಭಯ ಆದ್ರೆ ನಿನ್ನ ಲಾರಿ ಹತ್ತಿ ನೀನೂ ಹೋಗು."

ಹೋಗಬೇಕೆಂದೇ ಇದ್ದೆ. ನನ್ನ ಕಾಲುಗಳು ನನ್ನನ್ನು ಕೇಳದೆ ಅವನ ಹಿಂದೆ ನಡೆದುಬಿಟ್ಟವು.

ಮೂವತ್ತೆರಡು ಮೆಟ್ಟಿಲ ಏಣಿಯ ತುದಿಯಲ್ಲಿ, ಬಂಡೆಮನೆಯ ಅಂಚಿಗೆ ಅಂಟಿಕೊಂಡು ಲೊರೆಟ್ಟಾ ಕೂತಿದ್ದಳು. ಎಪ್ಪತ್ತರ ಹೆಂಗಸು.

"ಹತ್ತೋವಾಗ ಏನೂ ಅನ್ನಿಸ್ಲಿಲ್ಲ. ಇಳಿಯೋಕೆ ಅಂತ ಕೆಳಗೆ ನೋಡ್ದೆ, ಅಷ್ಟೇ."

"ಕೂಗೋದಲ್ವಾ ಅಮ್ಮಾವ್ರೇ?" ಎಂದ ಎಲಿಸಿಯೊ ಕೆಳಗಿನಿಂದ.

"ನಾಚಿಕೆ ಆಯ್ತು."

ಎಲಿಸಿಯೊ ಮೇಲೆ ಹೋಗಿ, ಆಕೆಯನ್ನು ಏಣಿಗೆ ಇಳಿಸಿಕೊಂಡು, ಬೀಳದಂತೆ ಹಿಂದಿನಿಂದ ಆತು ನಿಂತ. ಒಂದೊಂದು ಪಾದವನ್ನೂ ಕೈಯಿಂದ ಹಿಡಿದು ಮೆಟ್ಟಿಲ ಮೇಲಿಟ್ಟ. ಕೆಳಗೆ ನಾನು ಏಣಿ ಹಿಡಿದಿದ್ದೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ನನ್ನ ಗಡ್ಡ ಒಂದು ಮೊಳ ಬೆಳೆಯಿತು. ನೆಲಕ್ಕೆ ಇನ್ನು ಹತ್ತು ಮೆಟ್ಟಿಲಿತ್ತು. ಗಾಳಿಯಲ್ಲಿ ಹಸಿಮಣ್ಣಿನ ವಾಸನೆ ಬಂತು. ಆಮೇಲೆ ಸದ್ದು: ಸಾವಿರ ಬಂಡಿ ಕಲ್ಲು ಒಟ್ಟಿಗೆ ಉರುಳಿದಂತೆ.

"ಎಲಿಸಿಯೊ! ನೀರು!"

"ಎಷ್ಟು ದೂರ?"

"ಅಳೆದು ಬರ್ಲೇನೋ? ಮೇಲಕ್ಕೆ ಹತ್ತು!"

"ಅಮ್ಮಾವ್ರೇ," ಎಂದ ಅವನು ಮೆಲ್ಲಗೆ, "ಮತ್ತೆ ಮೇಲೆ ಹೋಗ್ಬೇಕು."

"ತಮಾಷೆ ಮಾಡ್ತಿದೀರಾ?"

"ತಮಾಷೆ ಮಾಡೋನು ಕೆಳಗಿದಾನೆ. ಹತ್ತಿ!"

ಆಕೆ ಹಳ್ಳದ ತಿರುವಿನತ್ತ ಕಣ್ಣು ಹಾಯಿಸಿದಳು. ಕಂದು ಗೋಡೆಯೊಂದು ಮರಗಳನ್ನು ಹೊತ್ತುಕೊಂಡು ಬರುತ್ತಿತ್ತು. ಹತ್ತಿದಳು, ಹಲ್ಲಿಯೂ ನಾಚುವ ಹಾಗೆ. ಅವಳ ಹಿಂದೆ ಎಲಿಸಿಯೊ, ಅವನ ಹಿಂದೆ ನಾನು. ಐದನೆಯ ಮೆಟ್ಟಿಲಲ್ಲಿ ನೀರು ನನ್ನ ಎಡಗಾಲಿನ ಬೂಟು ಕಿತ್ತುಕೊಂಡಿತು. ಎಂಟನೆಯದರಲ್ಲಿ ಏಣಿ ನಡುಗಿತು. ಮೇಲಿಂದ ಎರಡು ಕೈ ನನ್ನ ಕಾಲರು ಹಿಡಿದೆಳೆದವು. ಒಂದು ಎಲಿಸಿಯೊನದು. ಇನ್ನೊಂದು ಅವಳದು.

ಮೂವರೂ ಹಳೇ ಮಣ್ಣುಗೋಡೆಗೆ ಒರಗಿ ಏದುಸಿರು ಬಿಟ್ಟೆವು. ಏಣಿ ಮುರಿದು ತೇಲಿಹೋಯಿತು. ಅದರ ಹಿಂದೆ ಹಸಿರು ಬಣ್ಣದ ಲಾರಿಯೊಂದು, ಮಗ್ಗುಲಾಗಿ, ನಿಧಾನಕ್ಕೆ.

"ಅಯ್ಯೋ ಪಾಪ, ಯಾರದೋ ಏನೋ," ಎಂದಳು ಲೊರೆಟ್ಟಾ.

"ನಂದೇ," ಎಂದೆ.